ದಂಡಿನ ತಾತನ ಕಲ್ಲು

ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಈ ಪುಣ್ಯಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಅಪ್ಪಣೆ ಮಾಡಿದಾಗ ನಾನು ಬಹಳ ಹಿಂಜರಿದೆನು. ನಾನು ಪಂಡಿತನಲ್ಲ, ಶಾಸ್ತ್ರಾಭ್ಯಾಸ ಮಾಡಿದವನೂ ಅಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ತಂದೆಯವರ ಬಟ್ಟೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು. ಗಜಕಡ್ಡಿ ಮತ್ತು ಖಾತೆಪುಸ್ತಕಗಳ ಹೊರತು ಬೇರೆ ವಿದ್ಯೆಯನ್ನು ಅರಿಯೆನು. ಆದರೂ ಮೂವತ್ತು ವರ್ಷಗಳಿಂದ ಮನಸ್ಸಿನಲ್ಲಿ ತೀರದೆ ಉಳಿದಿರುವ ಒಂದು ಋಣವನ್ನು ಧರ್ಮಬಂಧುಗಳ ಮುಂದೆ ನಿವೇದಿಸಲು ಇದಕ್ಕಿಂತ ಯೋಗ್ಯವಾದ ಸಮಯ ದೊರೆಯಲಾರದು ಎಂದು ಭಾವಿಸಿ ಲೇಖನಿಯನ್ನು ಕೈಗೆತ್ತಿಕೊಂಡಿದ್ದೇನೆ.

ಇದು ನಮ್ಮ ವಂಶದಲ್ಲಿ ದಂಡಿಗೆ ಹೋಗಿ ಮಡಿದ ಒಬ್ಬ ಹಿರಿಯರನ್ನು ಹುಡುಕಿಕೊಂಡು ಹೋದ ಕಥೆ. ಆ ಹುಡುಕಾಟದಲ್ಲಿ ನನಗೆ ದೊರೆತದ್ದು ಬೇರೊಬ್ಬ ವೀರನ ಚರಿತ್ರೆ. ಅದರ ಬೆಳಕಿನಲ್ಲಿ ನನ್ನ ತಪ್ಪು ನನಗೆ ಕಾಣಿಸಿತು.

ಅಜ್ಜಿ ಹಚ್ಚುತ್ತಿದ್ದ ದೀಪ

ನಮ್ಮ ಮೂಲಸ್ಥಳ ಬಂಗಾರಪೇಟೆ ತಾಲೂಕಿನ ಒಂದು ಸಣ್ಣ ಹಳ್ಳಿ. ಬೌರಿಂಗ್‌ಪೇಟೆಯಿಂದ ಚಿನ್ನದ ಗಣಿಗೆ 1894ರಲ್ಲಿ ರೈಲು ಮಾರ್ಗವಾದ ಮೇಲೆ ಸುತ್ತಲಿನ ಅನೇಕ ವರ್ತಕ ಕುಟುಂಬಗಳು ಗಣಿಯ ಪೇಟೆಗಳಿಗೆ ಹೋಗಿ ನೆಲೆಸಿದಂತೆ, ನಮ್ಮ ಹಿರಿಯರೂ ರಾಬರ್ಟ್‌ಸನ್‌ಪೇಟೆಯಲ್ಲಿ ಅಂಗಡಿ ತೆರೆದರು. ಗಣಿಯ ಕೂಲಿಗಾರರ ಸಂಬಳದ ದಿನವೇ ನಮಗೆ ಹಬ್ಬ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಬಳಿಕ ನಾವು ವ್ಯಾಪಾರವನ್ನು ಪೂರ್ಣವಾಗಿ ಬಂಗಾರಪೇಟೆಗೆ ತಂದೆವು. ಇಷ್ಟೆಲ್ಲ ಅಲೆದಾಟದ ನಡುವೆಯೂ ಹಳ್ಳಿಯಲ್ಲಿ ಎರಡು ಎಕರೆ ಹೊಲವನ್ನು ಅಜ್ಜಿ ಬಿಡಗೊಡಲಿಲ್ಲ. ಅದರ ಬದುವಿನ ಮೇಲೆ, ಹೊಂಗೆಯ ಮರದ ಕೆಳಗೆ, ಎದೆಯೆತ್ತರದ ಒಂದು ಕಲ್ಲು ನಿಂತಿತ್ತು.

ಆ ಕಲ್ಲಿನಲ್ಲಿ ಮೂರು ಅಂತಸ್ತಿನ ಚಿತ್ರಗಳಿದ್ದವು. ಕೆಳಗೆ ಕತ್ತಿ ಎತ್ತಿದ ಒಬ್ಬ ಮನುಷ್ಯ ಮತ್ತು ಒಂದು ಕುದುರೆ. ನಡುವೆ ಒಬ್ಬನನ್ನು ಎರಡು ಕಡೆಯಿಂದ ಹಿಡಿದು ಕರೆದೊಯ್ಯುವ ಹೆಂಗಸರು. ಎಲ್ಲಕ್ಕೂ ಮೇಲೆ, ಕಾಲು ಮಡಿಚಿ ಕುಳಿತ ಒಂದು ಪುಟ್ಟ ಮೂರ್ತಿ. ಅದರ ತಲೆಯ ಮೇಲೆ ಒಂದರ ಮೇಲೊಂದು ಕೊಡೆ. ಬಾಲ್ಯದಲ್ಲಿ ನಾನು ಆ ಕುಳಿತವನನ್ನು ಯಾರೋ ಅರಸನೆಂದು ತಿಳಿದಿದ್ದೆನು. ಅಕ್ಷರ ಒಂದೂ ಇರಲಿಲ್ಲ. ಪ್ರತಿವರ್ಷ ಮಹಾವೀರ ಸ್ವಾಮಿಯ ನಿರ್ವಾಣದ ದಿನ, ಎಂದರೆ ದೀಪಾವಳಿಯಂದು, ಅಜ್ಜಿ ನನ್ನನ್ನು ಕರೆದುಕೊಂಡು ಬಸ್ಸಿನಲ್ಲಿ ಹಳ್ಳಿಗೆ ಹೋಗಿ ಆ ಕಲ್ಲನ್ನು ತೊಳೆದು ಒಂದು ಹಣತೆಯನ್ನು ಹಚ್ಚಿಟ್ಟು ಬರುತ್ತಿದ್ದರು. ಯಾರದು ಎಂದು ಕೇಳಿದರೆ, “ದಂಡಿಗೆ ಹೋದ ತಾತನದು ಕಣಪ್ಪ. ಊರ ಬಾಗಿಲಲ್ಲಿ ನಿಂತು ಕಾದಾಡಿ ಸತ್ತರಂತೆ” ಎಂದಿಷ್ಟೇ ಹೇಳುತ್ತಿದ್ದರು. ಯಾವ ಕಾಲ, ಯಾವ ದೊರೆ, ಯಾವ ಹೆಸರು ಎಂಬುದು ಅವರಿಗೂ ತಿಳಿಯದು. ಅವರ ಅತ್ತೆ ಹೇಳಿದ್ದನ್ನು ಅವರು ನನಗೆ ಹೇಳಿದರು.

ತಂದೆಯವರಿಗೆ ಇದು ಸರಿಬರುತ್ತಿರಲಿಲ್ಲ. ಅವರು ಬಹಳ ವ್ರತನಿಷ್ಠರು. ಹೊತ್ತು ಮುಳುಗಿದ ಮೇಲೆ ನೀರನ್ನೂ ಮುಟ್ಟದವರು. “ಅಮ್ಮಾ, ಇರುವೆಯನ್ನೂ ತುಳಿಯಬಾರದು ಎನ್ನುವ ಧರ್ಮ ನಮ್ಮದು. ಕತ್ತಿ ಹಿಡಿದವನಿಗೆ ನಾವು ದೀಪ ಹಚ್ಚುವುದೇ? ಅದು ಯಾರೋ ಬೇರೆಯವರ ಕಲ್ಲಿರಬೇಕು” ಎನ್ನುತ್ತಿದ್ದರು. ಅಜ್ಜಿ ವಾದ ಮಾಡಲಿಲ್ಲ, ದೀಪವನ್ನೂ ಬಿಡಲಿಲ್ಲ.

ಸುಮಾರು 1992ರಲ್ಲಿ ಬಂಗಾರಪೇಟೆಯಲ್ಲಿ ನಾವು ಗೋದಾಮನ್ನು ಕಟ್ಟಿಸಿದೆವು. ನನಗಾಗ ಇಪ್ಪತ್ತೆರಡು ವರ್ಷ. ಮೇಲ್ವಿಚಾರಣೆಯನ್ನು ತಂದೆಯವರು ನನಗೇ ಒಪ್ಪಿಸಿದ್ದರು. ಖರ್ಚು ಉಳಿಸುವ ಉತ್ಸಾಹದಲ್ಲಿ ಹೊಲದ ಬದುವಿನ ಕಲ್ಲುಗಳನ್ನೆಲ್ಲ ಗಾಡಿಯಲ್ಲಿ ತರಿಸಿದೆನು. ಅವುಗಳಲ್ಲಿ ಅದೂ ಒಂದು. ಕಲ್ಲುಕುಟಿಗನು ವಯಸ್ಸಾದವನು. ಉಳಿಯನ್ನು ಇಡುವ ಮೊದಲು ನನ್ನನ್ನು ಕರೆದು, “ಯಜಮಾನ್ರೇ, ಇದರ ತಲೆ ಮೇಲೆ ಯಾರೋ ಸಾಮಿ ಕುಂತವ್ರೆ. ಒಡೆಯೋದಾ?” ಎಂದು ಕೇಳಿದನು. ನಾನು ಲೆಕ್ಕದ ಚೀಟಿಯಿಂದ ಕಣ್ಣೆತ್ತದೆಯೇ, “ಅದು ನಮ್ಮ ದೇವರಲ್ಲಪ್ಪ, ಒಡಿ” ಎಂದೆನು. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ಅಜ್ಜಿಗೆ ತಿಳಿದಾಗ ಅವರು ಬೈಯಲಿಲ್ಲ. ಆ ವರ್ಷದ ದೀಪಾವಳಿಗೆ ಹಳ್ಳಿಗೆ ಹೋಗೋಣವೆಂದು ಹೇಳಲೂ ಇಲ್ಲ. ಸಾಯಂಕಾಲ ಹಣತೆಯನ್ನು ತಂದು ಗೋದಾಮಿನ ಮೆಟ್ಟಿಲ ಪಕ್ಕದಲ್ಲಿ, ಪಾಯದ ಕಲ್ಲಿನ ಮುಂದೆ ಇಟ್ಟರು. ಬದುಕಿರುವವರೆಗೆ ಪ್ರತಿವರ್ಷವೂ ಹಾಗೆಯೇ ಇಟ್ಟರು. ಕಲ್ಲು ಎಲ್ಲಿಗೆ ಹೋಯಿತೋ ದೀಪವೂ ಅಲ್ಲಿಗೆ ಹೋಯಿತು.

ವಸ್ತುಸಂಗ್ರಹಾಲಯದಲ್ಲಿ ಕಂಡದ್ದು

ಅಜ್ಜಿ ತೀರಿಕೊಂಡು ಅನೇಕ ವರ್ಷಗಳಾದ ಮೇಲೆ ಒಮ್ಮೆ ಖರೀದಿಗಾಗಿ ಬೆಂಗಳೂರಿಗೆ ಹೋದವನು, ಸರಕು ಕಟ್ಟಲು ತಡವಾಗುವುದೆಂದು ತಿಳಿದು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಹೊಕ್ಕೆನು. ಅಲ್ಲಿ ಒಂದು ದೊಡ್ಡ ಚಪ್ಪಡಿ. ಮೇಲೆ ಹಳಗನ್ನಡದ ಅಕ್ಷರಗಳು. ಕೆಳಗೆ ಆನೆ, ಕುದುರೆ, ಆಯುಧ ಹಿಡಿದ ಕಾಲಾಳುಗಳು ತುಂಬಿದ ಕಾಳಗ. ಅದು ಬೇಗೂರಿನಿಂದ ತಂದ ವೀರಗಲ್ಲು ಎಂದು ಬರೆದಿತ್ತು. ನಾನು ಬಹಳ ಹೊತ್ತು ನಿಂತಿದ್ದುದನ್ನು ಕಂಡು ನಿವೃತ್ತ ಅಧ್ಯಾಪಕರೊಬ್ಬರು ತಾವಾಗಿಯೇ ಮಾತನಾಡಿಸಿದರು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಎಂದು ಅವರೇ ನನಗೆ ತಿಳಿಸಿದವರು. ಬೇಗೂರಿನ ಕಲ್ಲಿನಂತೆ ಕಾಳಗವನ್ನೇ ಪ್ರಧಾನವಾಗಿ ಕಡೆದವು ಕೆಲವು. ಮೂರು ಪಟ್ಟಿಕೆಗಳಿರುವ ಕಲ್ಲಿನಲ್ಲಿ ಕೆಳಗಿನದು ವೀರನು ಹೋರಾಡಿ ಮಡಿದ ಬಗೆ. ನಡುವಿನದು ಅಪ್ಸರೆಯರು ಅವನನ್ನು ಸ್ವರ್ಗಕ್ಕೆ ಒಯ್ಯುವುದು. ಮೇಲಿನದು ಅವನು ಸೇರಿದ ದೇವರ ಸನ್ನಿಧಿ.

“ಮೇಲಿನ ಪಟ್ಟಿಕೆಯನ್ನು ನೋಡಿದರೆ ಮಡಿದವನ ಧರ್ಮ ತಿಳಿಯುತ್ತದೆ. ಶೈವನಾದರೆ ಅಲ್ಲಿ ಲಿಂಗವಿರುತ್ತದೆ. ಜೈನನಾದರೆ ಪದ್ಮಾಸನದ ಜಿನ, ತಲೆಯ ಮೇಲೆ ಮುಕ್ಕೊಡೆ” ಎಂದರು ಆ ಅಧ್ಯಾಪಕರು.

ನಾನು ಅಲ್ಲಿದ್ದ ಬೆಂಚಿನ ಮೇಲೆ ಕುಳಿತುಬಿಟ್ಟೆನು. ಹೊಂಗೆಯ ಮರದ ಕೆಳಗೆ ಕೊಡೆಗಳ ಅಡಿಯಲ್ಲಿ ಕಾಲು ಮಡಿಚಿ ಕುಳಿತಿದ್ದವರು ಯಾವ ಅರಸರೂ ಅಲ್ಲ. ಕಲ್ಲುಕುಟಿಗನಿಗೆ ಕಂಡ ಸ್ವಾಮಿ, ದಿನವೂ ಬೆಳಿಗ್ಗೆ ಅಭಿಷೇಕದ ಜಲವನ್ನು ಹಣೆಗೆ ಹಚ್ಚಿಕೊಳ್ಳುವ ನನಗೆ ಕಂಡಿರಲಿಲ್ಲ. ನಮ್ಮ ದೇವರಲ್ಲ ಎಂದು ನಾನು ಒಡೆಸಿದ್ದು ಜಿನಬಿಂಬವನ್ನು. ಅದರ ಚರಣದಡಿಯಲ್ಲಿ ನಿಂತಿದ್ದ ನಮ್ಮ ಹಿರಿಯನನ್ನು.

ಅದೇ ಸಂಗ್ರಹದಲ್ಲಿ ಆತಕೂರಿನ ಪ್ರಸಿದ್ಧ ಕಲ್ಲು ಇದೆ. ಅದು ಕ್ರಿ.ಶ. 949ರ ಕಾಲದ್ದು. ಗಂಗರ ಬೂತುಗನು ತನ್ನ ಭಂಟನಾದ ಮಣಲೆರನಿಗೆ ಮೆಚ್ಚಿ ಕೊಟ್ಟ ಕಾಳಿ ಎಂಬ ಬೇಟೆನಾಯಿಯು ಹಂದಿಯೊಡನೆ ಹೋರಾಡಿ ಸತ್ತಾಗ, ಅದರ ನೆನಪಿಗೂ ಸೇರಿ ನಿಲ್ಲಿಸಿದ ಕಲ್ಲು ಅದು. ಸಾವಿರ ವರ್ಷಗಳ ಹಿಂದಿನವರು ಒಂದು ನಾಯಿಯ ಋಣವನ್ನೂ ಕಲ್ಲಿನಲ್ಲಿ ಬರೆದಿಟ್ಟರು. ನಾನು ನನ್ನ ತಾತನ ಕಲ್ಲನ್ನು ಗೋದಾಮಿನ ಪಾಯಕ್ಕೆ ಹಾಕಿದೆನು.

ನಾಗತ್ತರನ ಬಾಳು ಮತ್ತು ಸಾವು

ಅಂದಿನಿಂದ ಬಿಡುವಾದಾಗಲೆಲ್ಲ ನಾನು ಓದತೊಡಗಿದೆನು. ಮೊದಲು ಹುಡುಕಿದ್ದು ಬೇಗೂರಿನ ಆ ವೀರನನ್ನೇ. ಅವನ ಹೆಸರು ನಾಗತ್ತರ. ಕಾಲ ಸುಮಾರು ಕ್ರಿ.ಶ. 900ರ ಆಸುಪಾಸು. ಇಂದು ಬೆಂಗಳೂರಿನ ದಕ್ಷಿಣದ ಬಡಾವಣೆಯಾಗಿರುವ ಬೇಗೂರು ಆಗ ಬೆಂಪೂರು ಎಂದು ಕರೆಸಿಕೊಂಡು ಹನ್ನೆರಡು ಹಳ್ಳಿಗಳ ಒಂದು ನಾಡಿಗೆ ಮುಖ್ಯಸ್ಥಾನವಾಗಿತ್ತು. ಗಂಗರ ಎರೆಯಪ್ಪನು ಅಯ್ಯಪದೇವನ ನೆರವಿಗಾಗಿ, ವೀರಮಹೇಂದ್ರನ ವಿರುದ್ಧ ಕಾದಲು, ಸಾಮಂತರ ಸಹಿತವಾಗಿ ನಾಗತ್ತರನನ್ನು ದಂಡಿನೊಡನೆ ಕಳುಹಿಸಿದನು. ತುಂಬೆಪಾಡಿ ಎಂಬಲ್ಲಿ ಕಾಳಗವಾಯಿತು. ಯುದ್ಧವು ಕೈಮೀರಿದಾಗ ನಾಗತ್ತರನು ಹಿಂದೆಗೆಯಲಿಲ್ಲ. ಆನೆಗಳಿಗೆ ಎದುರಾಗಿ ನಿಂತು ಇರಿದು ಸತ್ತನು. ಶಾಸನವು ಇದನ್ನು ಕೆಲವೇ ಪದಗಳಲ್ಲಿ ಹೇಳಿ ಮುಗಿಸುತ್ತದೆ. ನಮ್ಮ ಹಿರಿಯರು ಸಾವನ್ನು ಕುರಿತು ಹೆಚ್ಚು ಮಾತನಾಡುತ್ತಿರಲಿಲ್ಲವೆಂದು ತೋರುತ್ತದೆ.

ಸತ್ತವನನ್ನು ದೊರೆ ಮರೆಯಲಿಲ್ಲ. ನಾಗತ್ತರನ ಸಾವನ್ನು ಕೇಳಿ ಮೆಚ್ಚಿದ ಎರೆಯಪ್ಪನು ಇರುಗ ಎಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಆ ಹಳ್ಳಿಗಳ ಹೆಸರುಗಳೆಲ್ಲ ಶಾಸನದಲ್ಲಿವೆ. ಇಗ್ಗಲೂರು, ಕೂಡಲೆ ಮೊದಲಾದವು. ಕಲ್ನಾಡು ಎಂದರೆ ಕಾಳಗದಲ್ಲಿ ಮಡಿದವನ ಸೇವೆಗಾಗಿ ಬಿಡುತ್ತಿದ್ದ ಭೂಮಿ. ಇಂತಹ ದಾನಕ್ಕೆ ಬಾಳ್ಗಳ್ಚು ಎಂಬ ಇನ್ನೊಂದು ಹೆಸರೂ ಬರುತ್ತದೆ. ಬಾಳು ಎಂದರೆ ಕತ್ತಿ, ಗಳ್ಚು ಎಂದರೆ ಅದನ್ನು ತೊಳೆಯುವುದು. ಮುಂದಿನ ಕಾಲದಲ್ಲಿ ಇದನ್ನೇ ನೆತ್ತರುಗೊಡಗೆ ಎಂದರು. ವರ್ತಕನಾದ ನನಗೆ ಇದು ಜಮಾ-ಖರ್ಚಿನ ಲೆಕ್ಕದಂತೆಯೇ ಕಾಣಿಸಿತು. ಒಬ್ಬನು ಪ್ರಾಣವನ್ನು ಕೊಟ್ಟನು. ನಾಡು ಅದನ್ನು ತನ್ನ ಹೆಸರಿನಲ್ಲಿ ಸಾಲವೆಂದು ಬರೆದುಕೊಂಡು, ಯಾರೂ ತಿದ್ದದಂತೆ ಕಲ್ಲಿನ ಮೇಲೆ ಬರೆದು ನಿಲ್ಲಿಸಿತು.

ಬೇಗೂರಿನ ಇನ್ನೆರಡು ಶಾಸನಗಳು ನನ್ನನ್ನು ಇದಕ್ಕಿಂತ ಹೆಚ್ಚಾಗಿ ಹಿಡಿದು ನಿಲ್ಲಿಸಿದವು. ಮೊದಲನೆಯದು ನಾಗತ್ತರನ ಮನೆಗೆ ಸೇರಿದ ಬುಟ್ಟಣಸೆಟ್ಟಿಯು ಬೆಂಗುಳೂರ ಕಾಳಗದಲ್ಲಿ ಸತ್ತದ್ದನ್ನು ಹೇಳುತ್ತದೆ. ಬೆಂಗಳೂರು ಎಂಬ ಹೆಸರು ದೊರೆಯುವ ಅತ್ಯಂತ ಹಳೆಯ ದಾಖಲೆಯೆಂದು ಅದನ್ನು ವಿದ್ವಾಂಸರು ಕೊಂಡಾಡುತ್ತಾರೆ. ನನ್ನ ಕಣ್ಣು ನಿಂತದ್ದು ಊರಿನ ಹೆಸರಿನ ಮೇಲಲ್ಲ, ಸೆಟ್ಟಿ ಎಂಬ ಪದದ ಮೇಲೆ. ಕಾಳಗದಲ್ಲಿ ಬಿದ್ದವರೆಲ್ಲರೂ ಹುಟ್ಟಿನಿಂದ ಕತ್ತಿ ಹಿಡಿದ ಮನೆತನದವರೇ ಆಗಿರಬೇಕೆಂದು ನಾವು ತಿಳಿದಿರುವುದು ಎಷ್ಟು ಸರಿ?

ಎರಡನೆಯದು ಒಂದು ನಿಷಿಧಿ. ಅದು ನಾಗತ್ತರನ ಮಗಳು ತೊಂಡಬ್ಬೆಯದು. ಅವಳು ಸಲ್ಲೇಖನ ವ್ರತವನ್ನು ಕೈಗೊಂಡು ಸಮಾಧಿಮರಣವನ್ನು ಹೊಂದಿದಳು. ತಂದೆಯು ಆನೆಗಳ ಕಾಲಡಿಯ ಧೂಳಿನಲ್ಲಿ, ಶಸ್ತ್ರ ಹಿಡಿದ ಕೈಯಲ್ಲಿ ಪ್ರಾಣ ಬಿಟ್ಟನು. ಮಗಳು ಅನ್ನ ನೀರುಗಳನ್ನು ತೊರೆದು, ಕಷಾಯಗಳನ್ನು ಶಮನಗೊಳಿಸಿ, ಯಾವ ಜೀವಕ್ಕೂ ನೋವಾಗದಂತೆ ದೇಹವನ್ನು ಇಳಿಸಿಟ್ಟಳು. ಒಂದೇ ಊರು, ಒಂದೇ ಮನೆ. ಇಬ್ಬರಿಗೂ ಒಂದೊಂದು ಕಲ್ಲು. ಮಗಳ ನಿಷಿಧಿಯನ್ನು ನಿಲ್ಲಿಸಿದವರು ತಂದೆಯ ಹೆಸರನ್ನು ಅದರಿಂದ ಬಿಡಲಿಲ್ಲ; ಕೊಂದು ಸತ್ತವನ ಮಗಳು ಎಂದು ನಾಚಿಕೊಳ್ಳಲಿಲ್ಲ. ನಮ್ಮ ಮನೆಯಲ್ಲಿ ಅಜ್ಜಿಗೂ ತಂದೆಯವರಿಗೂ ನಡುವೆ ಮುಗಿಯದೆ ಉಳಿದಿದ್ದ ವಿವಾದಕ್ಕೆ ಸಾವಿರದ ನೂರು ವರ್ಷಗಳ ಹಿಂದೆಯೇ ಬೇಗೂರಿನ ಒಂದು ಮನೆಯವರು ಉತ್ತರ ಹೇಳಿದ್ದರು.

ಅಹಿಂಸೆಯೂ ಶಸ್ತ್ರವೂ

ಆದರೂ ತಂದೆಯವರ ಪ್ರಶ್ನೆ ಹಗುರವಾದುದಲ್ಲ. ಜೀವದಯೆಯೇ ಧರ್ಮದ ಮೂಲವೆಂದು ನಂಬಿದವರ ವಂಶದಲ್ಲಿ ಕತ್ತಿಗೆ ಸ್ಥಾನವೆಲ್ಲಿಯದು? ಇದನ್ನು ತಿಳಿಯಲು ನಮ್ಮ ಕೋಲಾರದ ಇತಿಹಾಸವನ್ನೇ ನೋಡಬಹುದು. ಗಂಗ ಅರಸರು ತಮ್ಮನ್ನು ಕುವಲಾಲಪುರವರೇಶ್ವರರು ಎಂದು ಕರೆದುಕೊಂಡರು. ಆ ಕುವಲಾಲಪುರವೇ ಇಂದಿನ ಕೋಲಾರ. ಶಿವಮೊಗ್ಗ ತಾಲೂಕಿನ ಕಲ್ಲೂರುಗುಡ್ಡದ 1121ರ ಶಾಸನವು ಆ ವಂಶದ ಉತ್ಪತ್ತಿಯ ಕಥೆಯನ್ನು ಹೇಳುತ್ತದೆ. ದಡಿಗ ಮತ್ತು ಮಾಧವ ಎಂಬ ಸಹೋದರರಿಗೆ ಪೇರೂರಿನಲ್ಲಿ ಸಿಂಹನಂದಿ ಆಚಾರ್ಯರು ರಾಜ್ಯವನ್ನು ಅನುಗ್ರಹಿಸಿ, ತಮ್ಮ ಪಿಂಛವನ್ನೇ ಧ್ವಜವಾಗಿ ಕೊಟ್ಟು, ಕೆಲವು ಕಟ್ಟಳೆಗಳನ್ನು ವಿಧಿಸಿದರಂತೆ. ಕೊಟ್ಟ ಮಾತಿಗೆ ತಪ್ಪಿದರೆ, ಜಿನಶಾಸನವನ್ನು ಬಿಟ್ಟರೆ, ಪರಸ್ತ್ರೀಯನ್ನು ಬಯಸಿದರೆ, ಮಧು ಮಾಂಸಗಳನ್ನು ಸೇವಿಸಿದರೆ, ಬೇಡಿದವರಿಗೆ ಕೊಡದಿದ್ದರೆ ವಂಶ ನಾಶವಾದೀತು ಎಂದ ಮುನಿಗಳು, ಅದೇ ಪಟ್ಟಿಯಲ್ಲಿ ಯುದ್ಧಭೂಮಿಯಿಂದ ಓಡಿಹೋಗುವುದನ್ನೂ ಸೇರಿಸಿದರು. ಗಂಗರಾಜ್ಯ ಸ್ಥಾಪನೆಯಾಗಿ ಏಳು ಶತಮಾನಗಳಾದ ಮೇಲೆ ಬರೆದ ಕಥೆ ಇದು; ಅಕ್ಷರಶಃ ನಡೆದದ್ದೆಂದು ಹೇಳಲಾಗದು. ಆದರೆ ಹನ್ನೆರಡನೆಯ ಶತಮಾನದ ಶ್ರಾವಕರು ಶೌರ್ಯವನ್ನು ಹೇಗೆ ಕಂಡಿದ್ದರು ಎಂಬುದಕ್ಕೆ ಇದು ಸಾಕ್ಷಿ. ಮಾಂಸವನ್ನು ಮುಟ್ಟಬೇಡ ಎಂದ ಗುರುವೇ ರಣದಲ್ಲಿ ಬೆನ್ನು ತೋರಬೇಡ ಎಂದೂ ಹೇಳಿದ್ದರೆಂದು ಅವರು ನಂಬಿದ್ದರು.

ಹಿಂಸೆಯಲ್ಲಿ ನಾಲ್ಕು ಬಗೆಯೆಂದು ನಮ್ಮ ತ್ಯಾಗಿಗಳು ಪ್ರವಚನಗಳಲ್ಲಿ ತಿಳಿಸುವುದುಂಟು: ಸಂಕಲ್ಪಿ, ಆರಂಭಿ, ಉದ್ಯೋಗಿ ಮತ್ತು ವಿರೋಧಿ. ಕೊಲ್ಲಬೇಕೆಂಬ ಬುದ್ಧಿಯಿಂದಲೇ ಮಾಡುವುದು ಸಂಕಲ್ಪಿ. ಅಡಿಗೆ, ಮನೆಗೆಲಸಗಳಲ್ಲಿ ಆಗುವುದು ಆರಂಭಿ. ಕೃಷಿ, ವ್ಯಾಪಾರಗಳಲ್ಲಿ ಆಗುವುದು ಉದ್ಯೋಗಿ. ತನ್ನವರನ್ನೂ ನಾಡನ್ನೂ ಕಾಪಾಡಲು ಎದುರಾಳಿಯನ್ನು ತಡೆಯುವಾಗ ಆಗುವುದು ವಿರೋಧಿ. ಮಹಾವ್ರತಿಗಳಾದ ಮುನಿಗಳಿಗೆ ನಾಲ್ಕೂ ವರ್ಜ್ಯ. ಅಣುವ್ರತಿಯಾದ ಗೃಹಸ್ಥನು ಮೊದಲನೆಯದನ್ನು ಪೂರ್ಣವಾಗಿ ಬಿಡಬೇಕು. ಉಳಿದವನ್ನು ಆದಷ್ಟು ಕಡಿಮೆ ಮಾಡಬೇಕು. ಗೋದಾಮಿನಲ್ಲಿ ಬಟ್ಟೆಗೆ ಹುಳು ಹಿಡಿಯದಂತೆ ಔಷಧಿ ಇಡಿಸುವ ನಾನು, ಊರ ಬಾಗಿಲಲ್ಲಿ ನಿಂತ ತಾತನಿಗಿಂತ ಅಹಿಂಸಾವಾದಿಯೆಂದು ಹೇಳಿಕೊಳ್ಳುವುದು ಹೇಗೆ?

ಗೊಮ್ಮಟೇಶ್ವರನನ್ನು 981ರಲ್ಲಿ ಪ್ರತಿಷ್ಠಾಪಿಸಿದ ಚಾವುಂಡರಾಯನು ಗಂಗರ ಸೇನಾಪತಿ. ತನ್ನ ತಮ್ಮ ನಾಗವರ್ಮನನ್ನು ಕೊಂದ ಮುದುರಾಚಯ್ಯನನ್ನು ರಣದಲ್ಲಿ ಕೊಂದು ಸಮರಪರಶುರಾಮನೆಂಬ ಬಿರುದನ್ನು ಪಡೆದವನು. ಅಂತಹವನು ಕಡೆಸಿದ್ದು ಗೆದ್ದ ಮೇಲೆ ಗೆಲುವನ್ನು ತೊರೆದು ನಿಂತ ಬಾಹುಬಲಿಯನ್ನು. ತಮ್ಮನ ಸಾವನ್ನು ಕಂಡವನ ಮನಸ್ಸಿಗೆ, ಅಣ್ಣತಮ್ಮಂದಿರ ಕಾಳಗವನ್ನು ನಿಲ್ಲಿಸಿದವನೇ ಆದರ್ಶವಾಗಿ ತೋರಿರಬೇಕು. ಅದೇ ಶ್ರವಣಬೆಳಗೊಳದಲ್ಲಿ ಹತ್ತನೆಯ ಶತಮಾನದ ಇನ್ನೊಂದು ವೀರಗಲ್ಲಿದೆ. ಅದು ಸಾವಿಯಬ್ಬೆ ಎಂಬ ಹೆಣ್ಣುಮಗಳದು. ಅವಳು ಪತಿ ಲೋಕವಿದ್ಯಾಧರನೊಡನೆ ಬಗೆಯೂರಿನ ಕಾಳಗಕ್ಕೆ ಹೋಗಿ ಹೋರಾಡಿ ಮಡಿದಳು. ಕುದುರೆಯೇರಿ ಕತ್ತಿ ಎತ್ತಿ, ಆನೆಯ ಮೇಲಿನವನನ್ನು ಎದುರಿಸುವ ಅವಳ ಚಿತ್ರವಿದೆ. ಶಾಸನವು ಅವಳನ್ನು ರೇವತಿಯಂತಹ ಶ್ರಾವಕಿ ಎಂದು ಹೊಗಳುತ್ತದೆ. ನಾವು ನಿತ್ಯ ಯಾತ್ರೆ ಹೋಗುವ ಕ್ಷೇತ್ರದಲ್ಲೇ ಈ ಕಲ್ಲು ಇರುವಾಗ, ಕತ್ತಿ ಹಿಡಿದವರು ನಮ್ಮವರಲ್ಲ ಎಂದು ಹೇಳುವ ಅಧಿಕಾರ ನಮಗೆ ಎಲ್ಲಿಯದು?

ನಮ್ಮ ಹೊಲದ ಕಲ್ಲು

ಇಷ್ಟನ್ನು ತಿಳಿದ ಮೇಲೆ ನನ್ನ ತಾತನ ಶೋಧಕ್ಕೆ ತೊಡಗಿದೆನು. ಬಿ. ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳನ್ನು ಜಿಲ್ಲೆವಾರು ಸಂಗ್ರಹಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಸಂಪುಟಗಳಲ್ಲಿ ಅಚ್ಚು ಹಾಕಿಸಿದ್ದಾರೆ. ಅದರ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯದು, 1905ರಲ್ಲಿ ಹೊರಬಂದದ್ದು. ಅದರಲ್ಲಿ ಬೌರಿಂಗ್‌ಪೇಟೆ ತಾಲೂಕಿನ ಪುಟಗಳನ್ನು ಒಂದೊಂದಾಗಿ ತಿರುವಿದೆನು. ನಮ್ಮ ಕಲ್ಲು ಅಲ್ಲಿಲ್ಲ. ಕಾರಣ ಸರಳ: ಅದು ಶಾಸನಗಳ ಸಂಗ್ರಹ, ನಮ್ಮ ಕಲ್ಲಿನಲ್ಲಿ ಅಕ್ಷರವಿರಲಿಲ್ಲ. ಬರೆಸಲು ಶಕ್ತಿಯಿದ್ದ ನಾಗತ್ತರನಂತಹವರ ಹೆಸರು ಪುಸ್ತಕವನ್ನು ಸೇರಿತು. ಚಿತ್ರವನ್ನಷ್ಟೇ ಕಡೆಸಲು ಶಕ್ತಿಯಿದ್ದವರಿಗೆ ಆ ಕಲ್ಲೇ ಪುಸ್ತಕ. ಅದು ಒಡೆದರೆ ಇನ್ನೊಂದು ಪ್ರತಿಯಿಲ್ಲ.

ಹೆಸರು ದೊರೆಯದಿದ್ದರೂ ಸಾವಿನ ಬಗೆಯನ್ನು ಸ್ವಲ್ಪಮಟ್ಟಿಗೆ ಊಹಿಸಬಹುದು. ನಮ್ಮ ಸೀಮೆಯು ಗಂಗರು, ನೊಳಂಬರು, ಬಾಣರು, ಕಡೆಗೆ ಚೋಳರು ಒಬ್ಬರ ಮೇಲೊಬ್ಬರು ದಂಡೆತ್ತಿ ಬರುತ್ತಿದ್ದ ಗಡಿನಾಡು. ಸುಮಾರು 1004ರಲ್ಲಿ ಚೋಳರಿಂದ ಗಂಗರ ಆಳ್ವಿಕೆ ಕೊನೆಗೊಂಡಿತು. ಆ ಕಾಲದ ಕಲ್ಲುಗಳಲ್ಲಿ ಜನರು ಸತ್ತ ಕಾರಣಗಳಿಗೆ ಒಂದೊಂದು ಹೆಸರಿದೆ. ತುರುಗೋಳ್ ಎಂದರೆ ಶತ್ರುಗಳು ದನಗಳನ್ನು ಹೊಡೆದೊಯ್ಯುವಾಗ ಬಿಡಿಸಲು ಹೋಗಿ ಸತ್ತದ್ದು. ಊರಳಿವು ಎಂದರೆ ಊರಿನ ಮೇಲೆ ಬಿದ್ದು ನಾಶ ಮಾಡುವಾಗ ತಡೆದು ಸತ್ತದ್ದು. ಪೆಣ್ಬುಯ್ಯಲ್ ಎಂದರೆ ಹೆಂಗಸರ ಮಾನವನ್ನು ಕಾಯಲು ಸತ್ತದ್ದು. ಊರ ಬಾಗಿಲಲ್ಲಿ ನಿಂತು ಸತ್ತರು ಎಂಬ ಅಜ್ಜಿಯ ಒಂದೇ ವಾಕ್ಯವು ಊರಳಿವು ಎಂಬ ಆ ಹಳೆಯ ಪದದ ಅರ್ಥವೇ ಆಗಿದೆ. ಓದುಬರಹ ಬಾರದ ಅತ್ತೆಸೊಸೆಯರು ಅಷ್ಟು ತಲೆಮಾರುಗಳ ಕಾಲ ಅದನ್ನು ಬಾಯಿಂದ ಬಾಯಿಗೆ ದಾಟಿಸಿದ್ದರು. ಆ ವೀರನು ನಮ್ಮ ರಕ್ತಸಂಬಂಧಿಯೇ ಎಂಬುದಕ್ಕೆ ಚೀಟಿಯಿಲ್ಲ, ರಸೀತಿಯಿಲ್ಲ. ಆದರೆ ತಲೆತಲಾಂತರದಿಂದ ದೀಪ ಹಚ್ಚಿದವರಿಗೆ ಆ ಹಿರಿಯನ ಮೇಲೆ ಹಕ್ಕಿದೆ ಎಂದೇ ನನ್ನ ನಂಬಿಕೆ.

ನಮ್ಮ ಸುತ್ತಲಿನವರನ್ನು ನೋಡಿ ಕಲಿಯಬೇಕಾದುದೂ ಇದೆ. ನಮ್ಮ ತಾಲೂಕಿನ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ತಂದೆ ಫತೆ ಮಹಮ್ಮದನು ಯುದ್ಧದಲ್ಲಿ ಮಡಿದ ಸಿಪಾಯಿ. ಅವನ ಗೋರಿಯನ್ನು ಕೋಲಾರದ ಮಕ್ಬರಾದಲ್ಲಿ ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ಚಿನ್ನದ ಗಣಿಯ ಚರಿತ್ರೆಯನ್ನು ಬರೆಯುವವರು 1802ರಲ್ಲಿ ಗಡಿ ಅಳೆಯಲು ಬಂದು ಚಿನ್ನದ ಸುದ್ದಿ ಕೇಳಿದ ಲೆಫ್ಟಿನೆಂಟ್ ವಾರನ್ನನನ್ನೂ, 1875ರಲ್ಲಿ ಗಣಿ ತೋಡುವ ಪರವಾನಗಿ ಪಡೆದ ಲವೆಲ್ಲನನ್ನೂ ತಪ್ಪದೆ ಸ್ಮರಿಸುತ್ತಾರೆ. ಅವರಿಬ್ಬರೂ ಪರದೇಶದ ಸೈನಿಕರೇ. ಅವರ ಹೆಸರು ಕಾಗದದಲ್ಲಿ ಉಳಿಯಿತು. ಕಲ್ಲಿನಲ್ಲಿ ಉಳಿಯಬೇಕಾಗಿದ್ದ ನಮ್ಮವರನ್ನು ನಾವೇ ಅಳಿಸಿದೆವು.

ಒಂದು ಬಿನ್ನಹ

ಕಳೆದ ಬೇಸಿಗೆಯಲ್ಲಿ ಗೋದಾಮನ್ನು ಬಿಚ್ಚಿಸಿ ಪಾಯವನ್ನು ತೆಗೆಸಿದೆನು. ಈ ಸಲ ಕಲ್ಲುಗಳನ್ನು ಒಂದೊಂದಾಗಿ ನನ್ನ ಕೈಯಿಂದಲೇ ಮಗುಚಿ ತೊಳೆದು ನೋಡಿದೆನು. ಮೂರು ದಿನ ಏನೂ ಕಾಣಲಿಲ್ಲ. ನಾಲ್ಕನೆಯ ದಿನ ಮೆಟ್ಟಿಲ ಪಕ್ಕದಲ್ಲಿ ಒಂದು ತುಂಡು ಸಿಕ್ಕಿತು. ಅದರಲ್ಲಿ ಕುದುರೆಯ ಮುಂಗಾಲು ಮತ್ತು ಕತ್ತಿ ಹಿಡಿದ ಒಂದು ಕೈ ಇವೆ, ಮುಖವಿಲ್ಲ. ಜಿನಬಿಂಬವಿದ್ದ ಮೇಲಿನ ಭಾಗ ಎಷ್ಟು ಹುಡುಕಿದರೂ ದೊರೆಯಲಿಲ್ಲ. ದೊರೆತ ತುಂಡು ಇದ್ದದ್ದು ಅಜ್ಜಿ ದೀಪವಿಡುತ್ತಿದ್ದ ಸ್ಥಳದಲ್ಲಿಯೇ. ಅವರು ಅದನ್ನು ಬಲ್ಲವರಾಗಿದ್ದರೋ, ಕೆಲಸಗಾರರನ್ನು ಕೇಳಿ ತಿಳಿದಿದ್ದರೋ, ಈಗ ಕೇಳೋಣವೆಂದರೆ ಅವರಿಲ್ಲ.

ಧರ್ಮಬಂಧುಗಳಲ್ಲಿ ನನ್ನ ಬಿನ್ನಹ ಇಷ್ಟೇ. ಹೊಸ ಬಸದಿಯನ್ನು ಕಟ್ಟುವಾಗ, ಹಳೆಯದನ್ನು ಜೀರ್ಣೋದ್ಧಾರ ಮಾಡುವಾಗ, ಮನೆಯ ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಚಪ್ಪಡಿಯನ್ನು ಬದಲಾಯಿಸುವಾಗ, ಹೊಲವನ್ನು ಮಾರುವಾಗ ಅಲ್ಲಿರುವ ಕಲ್ಲನ್ನು ಒಮ್ಮೆ ಮಗುಚಿ ನೋಡಿ. ಚಿತ್ರವಿದ್ದರೆ ಮೇಲಿನ ಪಟ್ಟಿಕೆಯನ್ನು ನೋಡಿ. ಸುಣ್ಣ ಬಳಿಯಬೇಡಿ, ಬಣ್ಣ ಹಚ್ಚಬೇಡಿ, ಅಂದಕ್ಕಾಗಿ ಉಜ್ಜಿಸಬೇಡಿ. ಫೋಟೋ ತೆಗೆದು, ಉದ್ದಗಲಗಳನ್ನು ಅಳೆದು, ಊರು ಮತ್ತು ಸರ್ವೆ ನಂಬರನ್ನು ಬರೆದಿಟ್ಟು ಪುರಾತತ್ತ್ವ ಇಲಾಖೆಗೆ ತಿಳಿಸಿ. ಮನೆಯಲ್ಲಿ ವೃದ್ಧರಿದ್ದರೆ ಅವರು ಹೇಳುವ ಒಂದು ವಾಕ್ಯವನ್ನೂ ಅದರೊಡನೆ ಬರೆದಿಡಿ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಹಳೆಯ ಶಾಸನಗಳನ್ನು ಯಂತ್ರದ ಸಹಾಯದಿಂದ ಅಕ್ಷರ ಅಕ್ಷರವಾಗಿ ಪ್ರತಿ ತೆಗೆಯುತ್ತಿರುವ ಈ ಕಾಲದಲ್ಲಿ, ಇದ್ದ ಕಲ್ಲನ್ನು ಇದ್ದಲ್ಲಿ ಉಳಿಸುವಷ್ಟು ಕೆಲಸ ನಮ್ಮಿಂದ ಆಗಲಾರದೇ?

ಪ್ರತಿಷ್ಠೆ ಎಂದರೆ ಬಿಂಬವನ್ನು ಅದರ ಸ್ಥಾನದಲ್ಲಿ ನೆಲೆಗೊಳಿಸುವುದು. ಈ ಶುಭದಿನಗಳಲ್ಲಿ ಭಗವಂತನ ಬಿಂಬವು ಮಂತ್ರಪೂರ್ವಕವಾಗಿ ಪೀಠವನ್ನು ಏರುವಾಗ, ನಾನು ಒಡೆಸಿದ ಆ ಪುಟ್ಟ ಬಿಂಬವನ್ನು ನೆನೆದು ಸಭೆಯ ಕೊನೆಯಲ್ಲಿ ಕೈಮುಗಿದು ನಿಂತಿರುತ್ತೇನೆ. ತಾತನ ಕತ್ತಿಯ ತುಂಡನ್ನು ಮನೆಯ ಅಂಗಳದಲ್ಲಿ, ಹೊಂಗೆಯ ಒಂದು ಸಸಿಯ ಪಕ್ಕದಲ್ಲಿ ನಿಲ್ಲಿಸಿದ್ದೇನೆ. ಬರುವ ದೀಪಾವಳಿಗೆ ಹಣತೆಯನ್ನು ಇಡುವ ಕೆಲಸ ನನ್ನ ಮೊಮ್ಮಗಳದು. ಯಾರದು ಎಂದು ಅವಳು ಕೇಳಿದರೆ ಅಜ್ಜಿಯ ಮಾತನ್ನೇ ಹೇಳುವೆನು. ಅದನ್ನು ಒಡೆಸಿದವನು ಯಾರು ಎಂಬುದನ್ನೂ ಮುಚ್ಚಿಡೆನು.

ಎಲ್ಲರಿಗೂ ಜಯ ಜಿನೇಂದ್ರ.